ಒಂದೇ ಗೆರೆಯ ಉತ್ತರ

"ಫಕೀರಪ್ಪನವರ ಮನೆ," ಎಂದು ಗಾಜು ನಯವಾಗಿ ಹೇಳಿತು. "ಹೊಸ ಊರಿನಲ್ಲಿ ಇವರು ನಿಮಗೆ ಎಷ್ಟು ಹತ್ತಿರ ಇರಬೇಕು?"

"ಪಕ್ಕದಾಗೇ ಇರ್ಲಿ, ತಮ್ಮಾ," ಎಂದು ಜಗದೇವಿ ಮೊದಲ ಚೌಕ ಒತ್ತಿದಳು. ಗಾಜಿನ ದನಿ ಯಾವುದೋ ಓದಿದ ಹುಡುಗನ ದನಿಯಂತೆ ಇತ್ತು. ಅದಕ್ಕೇ ಅವಳಿಗೆ ಅದು ತಮ್ಮನಾಯಿತು.

ಅಂಗೈಯಗಲದ ಆ ಗಾಜಿನ ಹೆಸರು ನೆರೆಗನ್ನಡಿ. ಕರಿಗುಡ್ಡದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳು ವರ್ಷವರ್ಷಕ್ಕೂ ಆಳವಾಗಿ, ಕೊನೆಗೆ ಗಣಿಯಂಚಿನ ಮನೆಗಳೇ ಬಾಯಿ ಬಿಡತೊಡಗಿದಾಗ, ಊರನ್ನು ಎಬ್ಬಿಸಿ ಬಯಲಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಹಿಂದೆಲ್ಲ ಇಂಥ ಸ್ಥಳಾಂತರ ಬಂದರೆ ಚೀಟಿ ಎತ್ತಿ ಮನೆ ಹಂಚುತ್ತಿದ್ದರು. ಮುಖ ನೋಡದವರು ಗೋಡೆಗೆ ಗೋಡೆ ಹಚ್ಚಿಕೊಂಡು ಕೂರಬೇಕಾಗುತ್ತಿತ್ತು, ಒಡಹುಟ್ಟಿದವರು ಊರಿನ ಎರಡು ತುದಿಗೆ ಬೀಳುತ್ತಿದ್ದರು. ಇದನ್ನು ತಪ್ಪಿಸಲೆಂದೇ ಡಾ. ಪ್ರಭಾವತಿ ಬಿರಾದಾರ ಈ ಯಂತ್ರವನ್ನು ಕಟ್ಟಿದ್ದರು. ಅದು ಕೇಳುವುದು ಒಂದೇ ಒಂದು ಚೌಕಪ್ರಶ್ನೆ. ಅಡ್ಡಸಾಲುಗಳಲ್ಲಿ ಓಣಿಯ ಮನೆಗಳ ಹೆಸರು. ಕಂಬಸಾಲುಗಳಲ್ಲಿ ಪಕ್ಕದ ಮನೆ, ಅದೇ ಓಣಿ, ಊರಲ್ಲಿದ್ದರೆ ಸಾಕು, ದೂರವೇ ಇರಲಿ ಎಂಬ ನಾಲ್ಕು ಆಯ್ಕೆ. ಪ್ರತಿ ಹೆಸರಿಗೂ ಒಂದು ಚೌಕ ಒತ್ತಿದರೆ ಆಯಿತು. ಎಲ್ಲರ ಮನಸ್ಸನ್ನೂ ಕೂಡಿಸಿ, ಕಳೆದು, ಯಂತ್ರ ಹೊಸ ಊರಿನ ನಕ್ಷೆ ಬರೆಯುತ್ತಿತ್ತು.

"ಯೋಚಿಸಿ ಒತ್ತಿರಿ," ಎಂದು ಡಾ. ಪ್ರಭಾವತಿ ಸಭೆಯಲ್ಲಿ ಎಚ್ಚರಿಸಿದ್ದರು. "ಪಕ್ಕದ ಮನೆಗೆ ಹೆಚ್ಚು ಜನರನ್ನು ಕರೆದಷ್ಟೂ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ."

ಜನ ಯೋಚಿಸಿದರು. ಯೋಚಿಸದೆ ಏನು, ಜಾಣರ ಓಣಿ ಅದು! ಮಗಳ ಮನೆ, ಕಷ್ಟಕ್ಕೆ ಗಾಡಿ ಕೊಡುವವರ ಮನೆ, ನೀರಿನ ಮೋಟಾರು ಇದ್ದವರ ಮನೆ ಎಂದು ಅಳೆದು ತೂಗಿ ಒತ್ತಿದರು. ಜಗದೇವಿಗೆ ಮಾತ್ರ ಆ ಲೆಕ್ಕ ಹಿಡಿಸಲಿಲ್ಲ. ಗಂಡ ತೀರಿಹೋಗಿ, ಮಕ್ಕಳಿಲ್ಲದ ಅವಳು ಆ ಓಣಿಯಲ್ಲಿ ಉಣ್ಣದ ಮನೆಯಿಲ್ಲ, ನೀರೆರೆಯದ ಕೂಸಿಲ್ಲ. ಯಾರನ್ನು ಓಣಿಯಾಚೆ ನೂಕುವುದು? ಮೇಲಿಂದ ಕೆಳಗಿನವರೆಗೆ ಎಲ್ಲರಿಗೂ ಪಕ್ಕದ ಮನೆಯನ್ನೇ ಒತ್ತಿ, ಗಾಜನ್ನು ಸೆರಗಿನಿಂದ ಒರೆಸಿ ಮರಳಿ ಕೊಟ್ಟಳು.

ನಕ್ಷೆ ಬಂದಾಗ ಎಲ್ಲರ ಮುಖವೂ ಅರಳಿತು. ಜಗದೇವಿಯ ಮನೆ ಕೊನೆಯ ಓಣಿಯ ಕೊನೆಯಲ್ಲಿತ್ತು. ಅದರಾಚೆ ನೀರಿನ ಟಾಕಿ, ಆಮೇಲೆ ಬರೀ ಬಯಲು.

ಅವಳಿಗೆ ಬಿದ್ದ ಪೆಟ್ಟು ಮನೆಯದಲ್ಲ, ರೇವಮ್ಮನದು. ಹಳೆಯ ಊರಿನಲ್ಲಿ ಇಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಗಣಿಯ ದೂಳು ಕುಡಿದು ರೇವಮ್ಮನ ಎದೆ ಹಾಳಾಗಿತ್ತು. ಉಸಿರು ಸಿಕ್ಕಿಕೊಂಡಾಗ ಅವಳು ತಂಬಿಗೆಯಿಂದ ಗೋಡೆ ಬಡಿಯುತ್ತಿದ್ದಳು. ಜಗದೇವಿ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡಿ, ಅವಳನ್ನು ಎತ್ತಿ ಕೂರಿಸಿ, ಬೆನ್ನು ತಿಕ್ಕಿ, ಅಜವಾನದ ಬಿಸಿನೀರು ಕುಡಿಸುತ್ತಿದ್ದಳು. ಅಂಥ ರೇವಿಯೂ ನನ್ನ ಹೆಸರು ಒತ್ತಲಿಲ್ಲವಲ್ಲ ಎಂಬುದೇ ಅವಳನ್ನು ಕೊರೆಯತೊಡಗಿತು.

ಬೇಡವೆಂದವರ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಜಗದೇವಿ ಹೋಗಲಿಲ್ಲ. ಅತ್ತ ರೇವಮ್ಮ ದಿನಾ ಹೊಸ ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. "ಹೊಸ ಮನಿ ಸಿಕ್ಕಮ್ಯಾಲೆ ಜಗ್ಗಿ ದೊಡ್ಡಾಕಿ ಆಗ್ಯಾಳ. ನಾ ಯಾಕ ಕರೀಲಿ, ತಾನಾಗಿ ಬರ್ಲಿ," ಎಂದು ಮುನಿಸಿಕೊಂಡಳು. ಇಬ್ಬರೂ ಹಟಮಾರಿಗಳೇ. ಹಳೆಯ ಊರಾಗಿದ್ದರೆ ಆ ಮುನಿಸು ಒಲೆಗೆ ಕೆಂಡ ಕೇಳುವ ನೆಪದಲ್ಲಿ ಸಂಜೆಯೊಳಗೆ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ರೇವಮ್ಮನ ಉಸಿರು ಸಿಕ್ಕಿಕೊಂಡಿತು. ಅವಳು ತಂಬಿಗೆ ಹಿಡಿದು ಗೋಡೆ ಬಡಿದಳು. ಗೋಡೆಯಾಚೆ ಅವಳೇ ಬಯಸಿ ಪಡೆದ ತಮ್ಮನ ಮನೆ. ತಮ್ಮ, ಅವನ ಹೆಂಡತಿ ಸುರೇಖಾ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಸಂಜೆ ಸುರೇಖಾ ಬಂದು ನೋಡಿದಾಗ ಗೋಡೆಯ ಹೊಸ ಸುಣ್ಣ ಅಲ್ಲಲ್ಲಿ ಉದುರಿತ್ತು, ತಂಬಿಗೆ ರೇವಮ್ಮನ ಕೈಯಲ್ಲೇ ಇತ್ತು.

ರೇವಮ್ಮನ ಮಣ್ಣಿಗೆ ಹೋದ ಜಗದೇವಿ ಒಂದು ಹಿಡಿ ಮಣ್ಣು ಹಾಕಿ ಹಾಗೇ ಮರಳಿದಳು.

ಕೆಲವು ವಾರಗಳ ನಂತರ ಡಾ. ಪ್ರಭಾವತಿ ಹೊಸ ಊರಿಗೆ ಬಂದರು. ಜನ ತೃಪ್ತರೇ ಎಂದು ಕೇಳಿ, ಬೇಕಾದರೆ ಮನೆಗಳನ್ನು ಅದಲುಬದಲು ಮಾಡಿಸುವುದಿತ್ತು. ಸುರೇಖಾಳೇ ಅವರನ್ನು ಜಗದೇವಿಯ ಮನೆಗೆ ಕರೆತಂದಳು.

"ಒಂದ್ ಮಾತು ಕೇಳ್ತೀನ್ರಿ ಅಕ್ಕಾರ," ಎಂದಳು ಜಗದೇವಿ. "ಇಡೀ ಓಣ್ಯಾಗ ನಾ ಯಾರಿಗೂ ಬ್ಯಾಡಾಗಿದ್ದೆ ಏನು?"

ಡಾ. ಪ್ರಭಾವತಿ ತಮ್ಮ ಗಾಜಿನಲ್ಲಿ ಹಳೆಯ ಉತ್ತರಗಳನ್ನು ತೆರೆದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣದಾಯಿತು.

"ನೀವು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೀರಿ ಜಗದೇವಮ್ಮ. ಪ್ರಶ್ನೆ ಓದದೆ, ಬೇಸರಕ್ಕೆ ಒಂದೇ ಗೆರೆಯಲ್ಲಿ ಒತ್ತುತ್ತಾ ಹೋಗುವವರು ಇರುತ್ತಾರೆ. ಅವರನ್ನು ಹಿಡಿಯಲು ಯಂತ್ರದಲ್ಲಿ ಅಲಕ್ಷ್ಯಶೋಧಕ ಅಂತ ಒಂದನ್ನು ಇಟ್ಟಿದ್ದೇನೆ. ಅದು ನಿಮ್ಮ ಉತ್ತರವನ್ನೇ ತೆಗೆದುಹಾಕಿದೆ."

"ನನ್ನದು ಹೋಗ್ಲಿ. ಮಂದಿ ನನ್ನ ಹೆಸರಿಗೆ ಏನ್ ಒತ್ತ್ಯಾರ?"

ಡಾ. ಪ್ರಭಾವತಿ ತಡವರಿಸಿದರು. "ಎಲ್ಲರೂ 'ಊರಲ್ಲಿದ್ದರೆ ಸಾಕು' ಅಂತಲೇ ಒತ್ತಿದ್ದಾರೆ. ಎಲ್ಲರೂ ಒಂದೇ ಉತ್ತರ ಕೊಟ್ಟ ಸಾಲಿನಿಂದ ಯಾರ ಮನಸ್ಸೂ ಬೇರೆಯಾಗಿ ತಿಳಿಯುವುದಿಲ್ಲ. ಹಾಗಾಗಿ ಯಂತ್ರ ಆ ಸಾಲನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರಿಗೂ ಹಂಚಿ ಉಳಿದ ಮನೆ ನಿಮಗೆ ಬಂತು."

"ರೇವೀನೂ ಹಂಗೇ ಒತ್ತಿದ್ಲೇನ್ರಿ?"

ಉತ್ತರ ಕೊಟ್ಟದ್ದು ಸುರೇಖಾ. ಬಾಗಿಲ ಬಳಿ ನಿಂತವಳು ಸೆರಗು ಬಾಯಿಗೆ ಹಿಡಿದಿದ್ದಳು.

"ಅವತ್ತು ರೇವಕ್ಕನ ಮುಂದ ಗಾಜು ಹಿಡದಾಕಿ ನಾನೇ, ಚಿಗವ್ವ. ನಿಮ್ಮ ಹೆಸರು ಬಂತು. ಪಕ್ಕದ ಮನಿ ಒತ್ತಲೇನು ಅಂತ ಕೇಳಿದ್ರ ನಕ್ಕುಬಿಟ್ರು. 'ಜಗ್ಗೀಗ್ಯಾಕ ಪಕ್ಕದ ಮನಿ, ಆಕಿ ಎಲ್ಲಿದ್ರೂ ನನ್ನ ಮನ್ಯಾಗೇ ಇರ್ತಾಳ, ಆ ಜಾಗ ನಿಮಗ ಇರ್ಲಿ' ಅಂದ್ರು. ಓಣಿಯವ್ರೆಲ್ಲ ಹಂಗೇ ಅಂದ್ಕೊಂಡಾರ. ನಮಗ ಅವತ್ತು ಅದರಾಗ ತಪ್ಪು ಕಾಣ್ಲಿಲ್ಲ."

ಜಗದೇವಿ ಅತ್ತುಬಿಟ್ಟಳು. ತಿಂಗಳುಗಟ್ಟಲೆ ತಡೆದಿಟ್ಟ ಅಳು, ಸುರೇಖಾ ಬಂದು ತೋಳು ಹಿಡಿದರೂ ನಿಲ್ಲಲಿಲ್ಲ. "ಒಂದ್ ಸರ್ತಿ ಹೋಗಿದ್ರ ಆಗಿತ್ತು," ಎಂದಷ್ಟೇ ಹೇಳುತ್ತಿದ್ದಳು. "ಒಂದೇ ಸರ್ತಿ."

ಡಾ. ಪ್ರಭಾವತಿಯ ಕಣ್ಣೂ ಒದ್ದೆಯಾಗಿತ್ತು. "ಮತ್ತೊಮ್ಮೆ ಉತ್ತರಿಸಿ ಅಮ್ಮ," ಎಂದು ಗಾಜನ್ನು ಮುಂದಿಟ್ಟರು. "ಈ ಸಲ ನಿಮ್ಮನ್ನು ಓಣಿಯೊಳಗೆ ತರೋಣ. ಆದರೆ ನಾಲ್ಕಾರು ಜನರಿಗಾದರೂ ಬೇರೆ ಚೌಕ ಒತ್ತಿರಿ. ಇಲ್ಲದಿದ್ದರೆ ಅದು ಒಪ್ಪುವುದಿಲ್ಲ. ಶೋಧಕವನ್ನು ತೆಗೆಯಲು ಸ್ಥಳಾಂತರ ಮಂಡಳಿಯ ಅನುಮತಿ ಬೇಕು, ಇವತ್ತೇ ಆಗುವ ಕೆಲಸವಲ್ಲ."

ಜಗದೇವಿ ಕಣ್ಣೊರೆಸಿಕೊಂಡು ಗಾಜನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದು ಹೆಸರುಗಳನ್ನು ಹೇಳುತ್ತಾ ಹೋಯಿತು. ಕೊನೆಯವರೆಗೂ ಕೇಳಿ, "ರೇವಿ ಹೆಸರು ಬರ್ಲಿಲ್ಲಲ್ರಿ?" ಎಂದಳು.

"ತೀರಿಹೋದವರ ಹೆಸರು ಅದರಲ್ಲಿ ಇರುವುದಿಲ್ಲ."

"ಹಾಕ್ರಿ ಅಕ್ಕಾರ."

ಡಾ. ಪ್ರಭಾವತಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿ ಆ ಹೆಸರು ಬರೆದರು. ಜಗದೇವಿ ಅದಕ್ಕೆ ಪಕ್ಕದ ಮನೆ ಒತ್ತಿದಳು. ಮುಂದಿನ ಹೆಸರು ಫಕೀರಪ್ಪನದು. ಅವಳ ಬೆರಳು ಎರಡನೆಯ ಚೌಕದ ಮೇಲೆ ನಿಂತಿತು. ಅವನ ಸೊಸೆ ತುಂಬಿದ ಬಸುರಿ. ಬೆರಳು ಮೊದಲನೆಯ ಚೌಕಕ್ಕೇ ಮರಳಿತು. ಹಾಗೆಯೇ ಉಳಿದೆಲ್ಲ ಹೆಸರುಗಳೂ ಮುಗಿದವು.

ಗಾಜು ಕೆಂಪಾಯಿತು. "ದಯವಿಟ್ಟು ಗಮನವಿಟ್ಟು ಉತ್ತರಿಸಿ," ಎಂದಿತು.

"ಗಮನ ಇಟ್ಟೇ ಒತ್ತೀನಿ, ತಮ್ಮಾ," ಎಂದು ಜಗದೇವಿ ಮತ್ತೆ ರೇವಮ್ಮನ ಹೆಸರಿನಿಂದ ಶುರುಮಾಡಿದಳು.