ಹಾಲಿಲ್ಲದ ಸೊಪ್ಪು

"ಹಾಲು ಬಂತಾ?"

"ಇಲ್ಲ ಅಜ್ಜಿ."

"ಸರಿಯಾಗಿ ನೋಡಿದ್ಯಾ?"

ಮೊಮ್ಮಗಳು ಚೂಟಿ, ಮುರಿದ ಗೋಣಿಸೊಪ್ಪಿನ ಕೆಂಪು ದಂಟನ್ನು ಅಜ್ಜಿಯ ಮೂಗಿನ ಮುಂದೆಯೇ ಹಿಡಿದಳು. "ಎಷ್ಟು ಸಲ ಅದೇ ಕ್ವೆಶ್ಚನ್ ಕೇಳ್ತೀಯ? ನಾನೇನು ಎಲ್‌ಕೆಜಿ ಮಗುನಾ?"

ಬೇಲಿಯ ಬುಡದಲ್ಲಿ ಗೋಣಿಸೊಪ್ಪಿನ ಪಕ್ಕದಲ್ಲೇ ಅದರ ಹಾಗೇ ಕಾಣುವ ಇನ್ನೊಂದು ಗಿಡ ಹಬ್ಬಿತ್ತು. ಅದು ವಿಷ. ದಂಟು ಮುರಿದರೆ ಬೆಳ್ಳಗೆ ಹಾಲು ಒಸರುತ್ತದೆ. ಗೋಣಿಸೊಪ್ಪಿನಲ್ಲಿ ಬರೀ ನೀರು. ಮುರಿದು ನೋಡದೆ ಒಂದು ಎಲೆಯೂ ಬುಟ್ಟಿಗೆ ಬೀಳಬಾರದು. ಇದು ಅಜ್ಜಿಯ ಕಾಯಿದೆ.

"ಬೇಜಾರಾದ್ರೆ ಬಿಡು ತಾಯಿ, ನಾನೇ ಕೀಳ್ತೀನಿ," ಎಂದು ಅಜ್ಜಿ ಮುನಿಸಿಕೊಂಡು ಆ ಕಡೆ ತಿರುಗಿ ಕುಳಿತರು.

ಚೂಟಿಗೂ ಅದೇ ಬೇಕಿತ್ತು. ಬೇಲಿಗುಂಟ ಓಡಿದಳು. ಒಂದು ಬಸವನಹುಳು ಸಿಕ್ಕಿತು. ಅಜ್ಜಿಗೆ ತೋರಿಸೋಣವೆಂದು ಹಿಂದಕ್ಕೆ ಬಂದವಳು ಹಾಗೇ ನಿಂತುಬಿಟ್ಟಳು.

ಅಜ್ಜಿ ದಂಟು ಮುರಿದರು. ಕಣ್ಣಿನ ಹತ್ತಿರ ತಂದರು. ಅತ್ತ ಇತ್ತ ತಿರುಗಿಸಿದರು. ತುದಿಯಲ್ಲಿ ಬಿಳಿ ಹನಿ ನಿಂತಿತ್ತು. ಅಜ್ಜಿ ಅದನ್ನು ಬುಟ್ಟಿಗೆ ಹಾಕಿದರು.

ಚೂಟಿ ಕೂಗಿದಳು. "ಅಜ್ಜಿ! ಹಾಲು!"

ಅಜ್ಜಿ ಬೆರಳಿಗೆ ಬೆರಳು ಉಜ್ಜಿ ನೋಡಿಕೊಂಡರು. ಅಂಟಂಟು. ಅವರ ಮುಖ ಸಪ್ಪಗಾಯಿತು.

"ಬಿಸಿಲು ಕಣೆ. ಕಣ್ಣು ಕುಕ್ಕುತ್ತೆ."

ಬಿಸಿಲೆಲ್ಲಿತ್ತು? ಬೆಳಗ್ಗೆಯಿಂದ ಮೋಡ.

ಅಜ್ಜಿ ಮೆಲ್ಲಗೆ ಕೇಳಿದರು. "ನಿಮ್ಮಮ್ಮಂಗೆ ಹೇಳ್ತೀಯಾ? ಬಸ್ ಓಡಿಸೋಳು ಅವಳು, ರಿಸ್ಕ್ ಅಂದ್ರೆ ಆಗಲ್ಲ. ನನ್ನನ್ನ ಬೇಲಿ ಹತ್ರಾನೇ ಬಿಡಲ್ಲ. ಆಮೇಲೆ ದಿನಾ ಗೋಡೆ ನೋಡ್ಕೊಂಡು ಕೂತಿರಬೇಕು."

ಚೂಟಿಗೆ ಅಳು ಬಂತು. ಹೇಳಿದರೆ ಅಜ್ಜಿಗೆ ಬೇಲಿಯಿಲ್ಲ. ಹೇಳದಿದ್ದರೆ? ಅವಳು ಬುಟ್ಟಿಯನ್ನು ನೋಡಿದಳು.

"ಹೇಳ್ಲೇಬೇಕು ಅಜ್ಜಿ. ಆದ್ರೆ ಇನ್ಮೇಲೆ ಇಬ್ರೂ ಜೊತೇಲೇ ಕೀಳ್ತೀವಿ ಅಂತಾನೂ ಹೇಳ್ತೀನಿ. ಅಮ್ಮ ಒಪ್ಪೋವರೆಗೂ ಬಿಡಲ್ಲ. ನನ್ನ ಬಾಯಿ ನಿಂಗೆ ಗೊತ್ತಲ್ಲ!"

"ನಂಗೇನು, ಇಡೀ ಬೀದಿಗೇ ಗೊತ್ತು," ಎಂದು ಅಜ್ಜಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬುಟ್ಟಿಯಲ್ಲಿದ್ದದ್ದನ್ನೆಲ್ಲ ಚೆಲ್ಲಿದರು. ಬೀದಿ ನಲ್ಲಿಯಲ್ಲಿ ಬುಟ್ಟಿಯನ್ನೂ ಕೈಯನ್ನೂ ತೊಳೆದು ಮೊದಲಿನಿಂದ ಶುರುಮಾಡಿದರು. ಅಜ್ಜಿ ಎಲೆ ತಡವಿ ಗಿಡ ತೋರಿಸಿದರು, ಚೂಟಿ ದಂಟು ಮುರಿದಳು.

"ಹಾಲು ಬಂತಾ?"

ಅದೇ ಕ್ವೆಶ್ಚನ್. ಅಜ್ಜಿ ತನಗೆ ಟೆಸ್ಟ್ ಕೊಡುತ್ತಿದ್ದಾರೆ ಎಂದೇ ಚೂಟಿ ಇಷ್ಟು ದಿನ ಅಂದುಕೊಂಡಿದ್ದಳು. ಅಜ್ಜಿ ನಿಜವಾಗಿಯೂ ಕೇಳುತ್ತಿದ್ದರು.

ಅವಳು ದಂಟನ್ನು ಹತ್ತಿರ ಹಿಡಿದು ನೋಡಿದಳು. ಇನ್ನೊಂದು ಸಲ ನೋಡಿದಳು.

"ಇಲ್ಲ ಅಜ್ಜಿ. ಬರೀ ನೀರು."