ಸಿರಿಯಾಂಬೆ ಆರಿಸಿದ ಪಠ್ಯ

ಬಹಳ ಹಿಂದೆ, ಏಳು ಉಪ್ಪಿನ ಕೆರೆಗಳ ಆಚೆ, ಹರಳೂರು ಎಂಬ ರಾಜ್ಯವಿತ್ತು. ಅಲ್ಲಿ ಉಪ್ಪು ತೆಗೆಯುವವರ ಮಗಳು ಸಿರಿಯಾಂಬೆ. ಅವಳ ಅಣ್ಣ ಕೇತಯ್ಯ ಜಡಂಗನೆಂಬ ಮಾಂತ್ರಿಕನಿಗೆ ಕೈಮುಗಿಯಲಿಲ್ಲ. ಜಡಂಗ ಅವನನ್ನು ಹರಳಾಗಿಸಿ ಕೋಟೆಬಾಗಿಲಲ್ಲಿ ನಿಲ್ಲಿಸಿದ.

"ಎರಡು ವರ್ಷ ಇವನೊಳಗೆ ಎದೆ ಬಡಿಯುತ್ತದೆ, ಆಮೇಲೆ ಇಲ್ಲ. ಘನವಿದ್ಯೆ ಕಲಿತವರು ಯಾರಾದರೂ ಇದ್ದರೆ ಬಿಡಿಸಲಿ!" ಎಂದು ನಕ್ಕ.

ಕಲ್ಲು, ಲೋಹ, ಹರಳುಗಳು ಒಳಗೆ ಹೇಗೆ ಕಟ್ಟಿಕೊಂಡಿವೆ ಎಂದು ತಿಳಿಸುವ ಶಾಸ್ತ್ರವೇ ಘನವಿದ್ಯೆ. ಸಿರಿಯಾಂಬೆ ಮೊದಲ ಪದವಿ ಮುಗಿಸಿದ್ದಳು. ಇದು ಅದಕ್ಕೂ ಮೇಲಿನದು. ಅವಳು ನೇರವಾಗಿ ವಿದ್ಯಾಲಯದ ಪುಸ್ತಕಮನೆಗೆ ನಡೆದಳು.

"ಮೂರು ಪಠ್ಯ ಇವೆ ಮಗಾ," ಎಂದಳು ಪುಸ್ತಕ ಕಾಯುವ ಬೊಮ್ಮಜ್ಜಿ. "ಒಂದೊಂದಕ್ಕೂ ಎರಡು ವರ್ಷ ಹಿಡಿಯುತ್ತೆ. ತಪ್ಪು ಆರಿಸಿದ್ರೆ ನಿಮ್ಮಣ್ಣ ಕಾಯಲ್ಲ."

"ಉಳಿದವರು ಹೇಗೆ ಆರಿಸ್ತಾರೆ ಅಜ್ಜಿ?"

"ಮೊದಲ ಅಧ್ಯಾಯ ಓದಿ. ಅದು ಎಲ್ಲಾ ಪುಸ್ತಕದಲ್ಲೂ ಚೆನ್ನಾಗೇ ಇರುತ್ತೆ. ಮೋಸ ಹೋಗೋದು ಅಲ್ಲೇ."

"ಹಾಗಾದರೆ ನಡುವೆ ತೆರೀತೀನಿ. ಮೂರಕ್ಕೂ ಒಂದೇ ಪ್ರಶ್ನೆ. ಏಟು ಬಿದ್ದರೆ ಉಪ್ಪಿನ ಹರಳು ನೇರ ಸೀಳುತ್ತೆ, ಗಾಜು ಅಡ್ಡಾದಿಡ್ಡಿ ಒಡೆಯುತ್ತೆ. ಯಾಕೆ?"

ಮೊದಲ ಪುಸ್ತಕವನ್ನು ಆನೆ ಕಾಯುತ್ತಿತ್ತು. "ನಮ್ಮಲ್ಲಿ ಇಲ್ಲದ್ದೇ ಇಲ್ಲ, ಉಪ್ಪಿನ ಹುಡುಗೀ," ಎಂದು ಅದು ಸೊಂಡಿಲಿನಿಂದ ಪುಟ ತಿರುವಿತು. ನಲವತ್ತು ಪುಟ, ನೂರು ಪಂಡಿತರು. ಯಾರು ಏನೆಂದರು ಎಂದು ತಿಳಿಯಿತು. ಯಾಕೆ ಎಂದು ತಿಳಿಯಲಿಲ್ಲ.

ಎರಡನೆಯದರ ಕಾವಲಿಗೆ ನವಿಲು. ಚಿನ್ನದ ಅಂಚಿನ ಪುಟದಲ್ಲಿ ಒಂದೇ ಸಾಲಿತ್ತು: 'ಇದು ಸುಲಭವಾಗಿ ತಿಳಿಯುತ್ತದೆ.'

"ಯಾರಿಗೆ?"

"ತಿಳಿದವರಿಗೆ," ಎಂದಿತು ನವಿಲು.

ಮೂರನೆಯದು ಬೆನ್ನು ಹರಿದ ಪುಸ್ತಕ. "ಇದನ್ನು ತೆರೆದವರೆಲ್ಲ ನನಗೆ ಬೈದೇ ಹೋಗಿದ್ದಾರೆ," ಎಂದು ಅದನ್ನು ಕಾಯುತ್ತಿದ್ದ ಆಮೆ ಮೊದಲೇ ಎಚ್ಚರಿಸಿತು. ಅದರಲ್ಲಿ ಹೀಗಿತ್ತು: 'ಎರಡು ಜಾತಿಯ ಕಣಗಳನ್ನು ಒಂದು ಬಿಟ್ಟು ಒಂದರಂತೆ ಸಾಲುಸಾಲಾಗಿ ಬರೆ. ಒಂದು ಸಾಲನ್ನು ಒಂದು ಹೆಜ್ಜೆ ಜರುಗಿಸು. ಏನಾಯಿತು?'

ಸಿರಿಯಾಂಬೆ ನೆಲದ ಧೂಳಿನಲ್ಲಿ ಬರೆದಳು. ಜರುಗಿಸಿದಳು. ಒಂದೇ ಜಾತಿಯ ಕಣಗಳು ಎದುರುಬದುರಾಗಿ ಒಂದನ್ನೊಂದು ತಳ್ಳಿದವು. ಸಾಲು ನೇರವಾಗಿ ಸೀಳಿತು! ಗಾಜಿನೊಳಗೆ ಸಾಲೇ ಇಲ್ಲ, ಬಿರುಕಿಗೆ ನೇರ ದಾರಿ ಎಲ್ಲಿಂದ ಬರಬೇಕು?

"ಇದೇ ನನ್ನ ಪಠ್ಯ."

"ಅಯ್ಯೋ, ಅದರಲ್ಲಿ ಉತ್ತರವೇ ಇಲ್ವಲ್ಲೇ!" ಎಂದು ನವಿಲು ಕಿರುಚಿತು.

"ಉತ್ತರ ನಾನು ತೆಗೆದೆ. ಅಣ್ಣನ ಮುಂದೆ ನಿಂತಾಗಲೂ ನಾನೇ ತೆಗೀಬೇಕು." ಆಮೇಲೆ ಆನೆಯ ಕಡೆ ತಿರುಗಿದಳು. "ಯಜಮಾನರೇ, ಅನುಮಾನ ಬಂದಾಗ ನಿಮ್ಮಲ್ಲಿ ಹುಡುಕಬಹುದಾ?"

ಆನೆ ಹಿಗ್ಗಿ ಕಿವಿ ಬೀಸಿತು.

ಎರಡು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಬಿಡಿಸಿದ ಲೆಕ್ಕ, ಸೋತ ಲೆಕ್ಕ, ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟಳು. ಸೋತದ್ದಕ್ಕೆ ಮತ್ತೆ ಮರಳಿದಳು. ಆಮೆಗೆ ಬೈದಳು, ನಿಜ. ಬಿಟ್ಟು ಮಾತ್ರ ಹೋಗಲಿಲ್ಲ.

ಕಡೆಯ ದಿನ ಕೋಟೆಬಾಗಿಲಿಗೆ ಬಂದಳು. "ಎಲ್ಲಿ, ಪುಸ್ತಕ ತರಲಿಲ್ಲವೇ?" ಎಂದು ಜಡಂಗ ಹಂಗಿಸಿದ. ಅವಳು ದೀಪ ಎತ್ತಿ ಹಿಡಿದಳು. ಬೆಳಕು ಹಾಯಿಸಿ ಅಣ್ಣನ ಮೈಯ ಸಾಲುಗಳನ್ನು ಒಂದೊಂದಾಗಿ ನೋಡಿದಳು. ಎಡಭುಜದಲ್ಲಿ ಒಂದು ಕಣದ ಜಾಗ ಖಾಲಿ ಇತ್ತು. ಮಂತ್ರ ಅಲ್ಲಿ ಕೂತಿತ್ತು. ಪಕ್ಕದ ಕಣವನ್ನು ಆ ಜಾಗಕ್ಕೆ ಸರಿಸಿದಳು. ಖಾಲಿ ಜಾಗ ಮಂತ್ರದ ಸಮೇತ ಒಂದು ಹೆಜ್ಜೆ ಈಚೆ ಬಂತು. ಮತ್ತೆ ಸರಿಸಿದಳು, ಮತ್ತೆ. ತೋಳು, ಮೊಣಕೈ, ಅಂಗೈ ದಾಟಿ ಅದು ಬೆರಳ ತುದಿಯಿಂದ ಹೊರಬಿತ್ತು.

ಮಂತ್ರ ಕೂರಲು ಬೇರೆ ಖಾಲಿ ಜಾಗ ಹುಡುಕಿತು. ಜಡಂಗನ ತಲೆಗಿಂತ ದೊಡ್ಡ ಖಾಲಿ ಜಾಗ ಆ ಊರಲ್ಲಿರಲಿಲ್ಲ. ಅವನು ನಿಂತಲ್ಲೇ ಹರಳಾದ.

ಕೇತಯ್ಯ ಉಸಿರೆಳೆದು ಕಣ್ಣು ಬಿಟ್ಟ. "ಬಹಳ ಹೊತ್ತು ನಿಂತೆನೇನೇ ತಂಗೀ? ಹೊಟ್ಟೆ ಚುರುಗುಟ್ಟುತ್ತಿದೆ."

"ಬಾ ಅಣ್ಣಾ, ಅನ್ನ ಬಿಸಿ ಇದೆ."

ಅಂದು ಹರಳೂರಿನ ಪ್ರತಿ ಮನೆಯಿಂದ ಅವನಿಗೆ ಒಂದೊಂದು ತುತ್ತು ಬಂತು. ಅಣ್ಣತಂಗಿಯರೂ ಊರವರೂ ನಗುನಗುತ್ತಾ ನೂರು ಕಾಲ ಬಾಳಿದರು.