ಕಾಡಲ್ಲಿ ಕಳಚಿದ ಕೊರಳಪಟ್ಟಿ

ಟಿಕ್... ಟಿಕ್... ಎನ್ನುತ್ತಿದ್ದದ್ದು ಟಿಕ್‌ಟಿಕ್‌ಟಿಕ್ ಆಯಿತು.

ರಾತ್ರಿ ಒಂದೂವರೆ. ತಾದೆಯಾ ಎದ್ದು ಕೂತಳು. ಕೊರಳಪಟ್ಟಿಯ ಸಂಕೇತ ಹಿಡಿಯುವ, ಕಿಟಕಿಯ ಬಳಿಯ ರೇಡಿಯೊ ಎರಡು ಪಟ್ಟು ವೇಗದಲ್ಲಿ ಮಿಡಿಯುತ್ತಿತ್ತು. ಮೆಗ್ಲಾಳ ಕೊರಳಪಟ್ಟಿ ಇಡೀ ದಿನ ಅಲುಗಿಲ್ಲ ಎಂದರ್ಥ. ಮೆಗ್ಲಾ ಕೊಚೆವ್ಯೆ ಕಾಡಿನ ಹೆಣ್ಣು ಲಿಂಕ್ಸ್. ಕುರಿಯನ್ನೂ ಕೆಡಹಬಲ್ಲ ದೊಡ್ಡ ಕಾಡುಬೆಕ್ಕು, ಎಡಮುಂಗಾಲಿನ ಒಂದು ಬೆರಳಿಲ್ಲದ್ದು. ಅರಣ್ಯ ಇಲಾಖೆಯ ಪರವಾಗಿ ಅದರ ಮೇಲೆ ಕಣ್ಣಿಡುವುದೇ ತಾದೆಯಾಳ ಕೆಲಸ.

ಬೆಳಗ್ಗೆ ಪೊಲೀಸ್ ಮಾತ್ಯಾಜ್‌ನ ಜೊತೆ ಹೋದಳು. ಬೀಚ್ ಎಂಬ ಕಾಡುಮರಗಳ ಕೆಳಗೆ ಪಟ್ಟಿ ಬಿದ್ದಿತ್ತು. ತುಂಡಾಗಿತ್ತು. ಎಲೆಗಳ ಮೇಲೆ ರಕ್ತ. ಪಕ್ಕದಲ್ಲಿ ಬೂಟಿನ ಗುರುತು, ಊರುಗೋಲಿನ ತುದಿಯ ಮೂರು ಮೂಲೆಯ ಮೊಳೆ ಊರಿದ ತೂತು.

"ಇಂಥ ಕೋಲಿರೋದು ಊರಲ್ಲಿ ಒಬ್ಬರ ಹತ್ರಾನೇ," ಎಂದ ಮಾತ್ಯಾಜ್. "ನಿಮ್ಮ ಮಾವ."

* * *

ಲೋವ್ರೊ ತಾದೆಯಾಳ ತಾಯಿಯ ಅಣ್ಣ. ಬೇಸಿಗೆಯಲ್ಲಿ ಅವನ ಎರಡು ಕುರಿ ಮೆಗ್ಲಾಳ ಬಾಯಿಗೆ ಹೋಗಿದ್ದವು. "ಅದರ ಚರ್ಮ ಸುಲೀತೀನಿ," ಎಂದು ಹೆಂಡದಂಗಡಿಯಲ್ಲಿ ಕೂಗಾಡಿದ್ದ.

"ಮೊನ್ನೆ ಶನಿವಾರ ರಾತ್ರಿ ಎಲ್ಲಿದ್ರಿ ಯಜಮಾನ್ರೇ?" ಅವನ ಮನೆಯಲ್ಲಿ ಮಾತ್ಯಾಜ್ ಕೇಳಿದ.

"ಕಾಡಲ್ಲಿ."

"ಕಾಡಲ್ಲಿ ಎಲ್ಲಿ?"

"ಮರಗಳ ಮಧ್ಯೆ."

"ತಮಾಷೆ ಬೇಡ. ಜೈಲಾಗುತ್ತೆ."

"ಆಗ್ಲಿ ಬಿಡು. ನಿನ್ನ ಹೆಂಡ್ತಿ ಅಡುಗೆಗಿಂತ ಜೈಲೂಟ ವಾಸಿಯಂತೆ."

ಮಾತ್ಯಾಜ್ ಬಂದೂಕು ಜಪ್ತಿ ಮಾಡಿದ. "ನಾಳೆ ಸಂಜೆಗೆ ಕೇಸು ಬರೀತೀನಿ," ಎಂದು ಹೋದ.

"ಮಾವ, ನೀನೇನಾ?" ತಾದೆಯಾ ಕೇಳಿದಳು.

"ಅಲ್ಲ ಕಣೇ."

"ಮತ್ತೆ ಎಲ್ಲಿದ್ದೆ ಅಂತ ಹೇಳಿಬಿಡು."

"ಅದೊಂದು ಕೇಳಬೇಡ."

* * *

ಮನೆಗೆ ಬಂದು ಪಟ್ಟಿಯನ್ನು ಭೂತಗನ್ನಡಿಯಡಿ ಹಿಡಿದಳು. ಚಾಕುವಾದರೆ ಅಂಚು ನುಣುಪಾಗಿರಬೇಕು. ಇಲ್ಲಿ ಜೋಡಿ ಜೋಡಿ ಗೀರುಗಳು. ಹಲ್ಲು! ಜೊತೆಗೆ ತಂದಿದ್ದ ಎಲೆಗೆ ಅಂಟಿದ್ದ ಕೂದಲೂ ಲಿಂಕ್ಸಿನದಲ್ಲ. ಬೂದು ಬಣ್ಣದ್ದು, ಪೊಲ್ಹ್‌ನ ಬಾಲದ್ದು.

ಪೊಲ್ಹ್ ಎಂದರೆ ಬೀಚ್ ಕಾಯಿ ತಿಂದು ಕೊಬ್ಬುವ ಮರದಿಲಿ. ಈ ವರ್ಷ ಕಾಯಿ ಸುರಿದಿತ್ತು. ಇಲಿಯೂ ಮಿತಿಮೀರಿತ್ತು. ಅವುಗಳ ಬಿಲದೆದುರು ಲಿಂಕ್ಸ್ ಹೊಂಚುತ್ತದೆ. ಮಾಂಸಕ್ಕಾಗಿ ರಾತ್ರಿ ಮನುಷ್ಯರೂ ಬೋನು ಕಟ್ಟುತ್ತಾರೆ. ತನ್ನ ಬಿಲ ಎಲ್ಲಿದೆಯೆಂದು ಯಾವ ಬೇಟೆಗಾರನೂ ಹೆಂಡತಿಗೂ ಹೇಳುವುದಿಲ್ಲ.

ತಾದೆಯಾ ಕನ್ನಡಿ ಕೆಳಗಿಟ್ಟಳು. ಅಯ್ಯೋ ಮಾವ! ಬಿಲದ ಗುಟ್ಟಿಗೆ ಜೈಲಿಗೂ ಹೊರಟೆಯಾ?

* * *

ಮರುದಿನ ಪಟ್ಟಿ ಸಿಕ್ಕಿದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಪಾಚಿಗಲ್ಲಿನ ಹಿಂದೆ ಬಿಲ ಸಿಕ್ಕಿತು. ಬಾಯಲ್ಲಿ ಮಾವನ ಮರದ ಬೋನುಗಳು. ಒಳಗೆ ಇಲಿಗೂಡಿನಲ್ಲಿ ಬಿಳಿ ಹತ್ತಿಯ ನೂಲು. ಹಿಂದಿನ ಸಂಜೆ ಮಳೆ ಬಿದ್ದ ಕೆಸರಿನಲ್ಲಿ ಹೊಸ ಹೆಜ್ಜೆಗಳು. ಎಡಮುಂಗಾಲಿಗೆ ಒಂದು ಬೆರಳು ಕಡಿಮೆ. ಪಕ್ಕದಲ್ಲಿ ಎರಡು ಮರಿಗಳ ಪುಟ್ಟ ಹೆಜ್ಜೆ.

ತಾದೆಯಾ ಅಲ್ಲೇ ಕುಸಿದು ಕೂತು ನಕ್ಕಳು. ಕಣ್ಣು ಒದ್ದೆಯಾಗಿತ್ತು.

* * *

"ಪಟ್ಟಿಯ ಜೋಡಣೆ ಹತ್ತಿಯದು," ಎಂದು ಸಂಜೆ ಮಾವನ ಮನೆಯಲ್ಲಿ ಮಾತ್ಯಾಜ್‌ಗೆ ವಿವರಿಸಿದಳು. "ದಿನ ಕಳೆದಂತೆ ಲಡ್ಡಾಗಿ ತಾನೇ ಕಳಚಲಿ ಅಂತ ನಾವೇ ಹೊಲಿದದ್ದು. ಕಳಚಿತು. ಬೆವರಿನ ಉಪ್ಪಿಗೆ ಇಲಿಗಳು ತೊಗಲು ಕಡಿದವು, ಹತ್ತಿ ಗೂಡಿಗೆ ಹೊತ್ತವು. ರಕ್ತ ಮೆಗ್ಲಾ ತಿಂದ ಇಲಿಯದು. ಇಗೋ ನೂಲು. ಇಗೋ ನಿನ್ನೆ ಮಳೆಯಾದ ಮೇಲಿನ ಮೆಗ್ಲಾಳ ಹೆಜ್ಜೆಯ ಫೋಟೊ."

"ಅಂದ್ರೆ ಆರೋಪಿ ಇಲಿ?"

"ಕೋಳ ಹಾಕ್ತೀರಾ?"

ಮಾತ್ಯಾಜ್ ನಗುತ್ತಾ ಬಂದೂಕು ಮರಳಿಸಿದ. ಅವನು ಹೋದ ಮೇಲೆ ಲೋವ್ರೊ ಮೆಲ್ಲಗೆ ಕೇಳಿದ. "ಅಲ್ಲಿ ಬೇರೇನಾದ್ರೂ ಕಂಡಿತೇನೇ?"

"ಇಲಿಗೂಡು, ಹೆಜ್ಜೆ. ಇನ್ನೇನಿರುತ್ತೆ ಮಾವ?"

ಅವನ ಹೆಗಲು ಸಡಿಲವಾಯಿತು. ಒಳಗೆ ಹೋಗಿ ಇಬ್ಬರಿಗೂ ಸೂಪು ಬಡಿಸಿದ.

ಬೋನುಗಳನ್ನು ಕಂಡದ್ದನ್ನು ಯಾರಿಗೂ, ಮಾವನಿಗೂ ಸಹ, ಹೇಳಬಾರದೆಂದು ತಾದೆಯಾ ತೀರ್ಮಾನಿಸಿದಳು.